ಲಕ್ಷ್ಮೀಬಾಯಿಯವರ ಮೇ ತಿಂಗಳ ಬಿಡಾರ

ಧಾರವಾಡದ ಮಾಳಮಡ್ಡಿಯ ಲಕ್ಷ್ಮೀಬಾಯಿಯವರಿಗೆ ತಮ್ಮ ಮನೆಯ ಮುಂದಿನ ಎರಡು ಖೋಲಿಗಳ ಮೇಲೆ ಎಲ್ಲಿಲ್ಲದ ಅಭಿಮಾನ. ಸಾವಿರದ ಒಂಬೈನೂರ ಐವತ್ತೊಂಬತ್ತರ ಸುಮಾರಿನ ಮಾತು. ಮುಂಬೈ, ಸೊಲ್ಲಾಪುರದ ಸೆಕೆ ತಾಳಲಾರದ ಸಂಸಾರಗಳು ಮೇ ತಿಂಗಳ ರಜೆಗೆ ಧಾರವಾಡದ ತಂಪಿಗೆ ಬರುತ್ತಿದ್ದವು. ಅವರಿಗೆ ಖೋಲಿ, ಮಡಿ ಹಾಸಿಗೆ, ಹಂಡೆ ತುಂಬ ಬಿಸಿನೀರು. ಒಮ್ಮೆ ಇಳಿದವರು ಮರುವರ್ಷ ಬೇರೆ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆದರೆ ಕೈಯಲ್ಲಿ ಬಿಡಿಗಾಸೂ ಉಳಿಯುತ್ತಿರಲಿಲ್ಲ. ಅವರ ಯಜಮಾನರು ಯಜ್ಞೇಶ್ವರ ಮಾಸ್ತರರು ಒಂದು ದಿನ ಖಡಾಖಂಡಿತ ಹೇಳಿಬಿಟ್ಟರು:

"ಈ ಮೇದಾಗೂ ಏನೂ ಉಳೀಲಿಲ್ಲಂದ್ರ ಖೋಲಿ ಆ ಬ್ಯಾಂಕಿನ ಕಾರಕೂನಗ ವರ್ಷದ ಬಾಡಿಗಿಗೆ ಕೊಟ್ಟುಬಿಡತೀನಿ."

ಮದುವೆಯಾದಾಗಿನಿಂದ ತಮ್ಮದು ಎಂದು ಲಕ್ಷ್ಮೀಬಾಯಿಯವರಿಗಿದ್ದದ್ದು ಈ ಕಾರಭಾರ ಒಂದೇ. ಕುಳಿತು ಮತ್ತೆ ಲೆಕ್ಕ ಹಾಕಿದರು. ಅಗಸನ ಕೂಲಿ, ಪಾತ್ರೆಗೆ ಕಲಾಯಿ, ಗೋಡೆಗೆ ಸುಣ್ಣ ಎಲ್ಲವನ್ನೂ ಹಿಡಿದಿದ್ದರು. ಹಾಗಾದರೆ ಸೋರಿದ್ದೆಲ್ಲಿ? ನಮ್ಮ ಕಡೆಯ ಹೆಣ್ಣುಮಕ್ಕಳ ಲೆಕ್ಕವೇ ಹಾಗೆ ನೋಡಿ, ಪೇಟೆಯಿಂದ ತಂದದ್ದು ಖರ್ಚು, ಮನೆಯಲ್ಲಿದ್ದದ್ದು ಪುಕ್ಕಟೆ! ಮಳೆಗಾಲಕ್ಕೆಂದು ಕೂಡಿಟ್ಟ ಕಟ್ಟಿಗೆ ಹಂಡೆಯ ಕೆಳಗೆ ಉರಿದುಹೋಗುತ್ತಿತ್ತು. ಭರಣಿಯ ಉಪ್ಪಿನಕಾಯಿ, ಡಬ್ಬಿಯ ಅವಲಕ್ಕಿ ಬಂದವರ ತಟ್ಟೆ ಸೇರುತ್ತಿದ್ದವು. ಮಳೆ ಹಿಡಿದ ಮೇಲೆ ಅದನ್ನೆಲ್ಲ ದುಬಾರಿ ದರಕ್ಕೆ ಮತ್ತೆ ಕೊಳ್ಳುತ್ತಿದ್ದರು.

ಈ ಸಲ ಮನೆಯ ಕಟ್ಟಿಗೆಗೂ ಬೆಲೆ ಹಿಡಿದು ಬಾಡಿಗೆ ಏರಿಸಿದರು.

"ಉಡಿ ತುಂಬೂದನ್ನೂ ಹಿಡಿ," ಎಂದರು ಮಾಸ್ತರರು. ಹೊರಡುವ ಹೆಣ್ಣುಮಕ್ಕಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹಾಕಿ ಕಳಿಸುವುದು ಲಕ್ಷ್ಮೀಬಾಯಿಯವರ ಪದ್ಧತಿ.

"ಅದನ್ನ ಹಿಡಿಯೂದಿಲ್ರಿ. ಬಾಡಿಗಿ ಮನೀದು, ಉಡಿ ನಂದು. ಹಪ್ಪಳ ಮಾರಿ ತುಂಬತೀನಿ."

ಮೇ ತಿಂಗಳಲ್ಲಿ ಪ್ರತಿವರ್ಷದಂತೆ ಮುಂಬೈಯ ನಿರುಪಮಾ ಸಂಸಾರ ಸಮೇತ ಬಂದಳು. ಹೊಸ ಬಾಡಿಗೆ ಕೇಳಿ ಮುಖ ಸಿಂಡರಿಸಿದಳು.

"ಭಾಳ ಆತಲ್ಲ, ಕಾಕೂ?"

"ಕಟ್ಟಿಗಿ ಸುಮ್ಮನ ಬರೂದಿಲ್ಲವಾ. ಒಂದು ಪೈಸಾನೂ ಕಡಿಮಿ ಆಗೂದಿಲ್ಲ."

ನಿರುಪಮಾ ಗೊಣಗುತ್ತಲೇ ಇಳಿದುಕೊಂಡಳು. ಹೊರಡುವ ದಿನ ಬಾಡಿಗೆ ಚುಕ್ತಾ ಮಾಡಿ, ಉಡಿ ತುಂಬಿಸಿಕೊಳ್ಳುವಾಗ ತಟ್ಟೆಯಲ್ಲಿ ಮತ್ತೊಂದು ನೋಟು ಇಟ್ಟಳು. ಲಕ್ಷ್ಮೀಬಾಯಿ ಅದನ್ನೆತ್ತಿ ಅವಳ ಸೆರಗಿಗೇ ಹಾಕಿದರು.

"ಬಾಡಿಗಿ ಮುಟ್ಟೇದ. ಇದಕ್ಕೂ ರೊಕ್ಕ ಕೊಟ್ಟರ ನಾ ಯಾರು, ನೀ ಯಾರು?"

ನಿರುಪಮಾಳ ಕಣ್ಣು ತುಂಬಿ ಬಂತು. ಕಾಲಿಗೆ ನಮಸ್ಕಾರ ಮಾಡಿ, ಮುಂದಿನ ವರ್ಷಕ್ಕೂ ಖೋಲಿ ತನಗೇ ಇಡಬೇಕೆಂದು ಹೇಳಿ ಟಾಂಗಾ ಹತ್ತಿದಳು.

ಆ ವರ್ಷ ಮಳೆಗಾಲದ ಕಟ್ಟಿಗೆ ಹಾಕಿಸಿದ ಮೇಲೂ ಕೈಯಲ್ಲಿ ಹಣ ಉಳಿಯಿತು. ಬ್ಯಾಂಕಿನ ಕಾರಕೂನ ಖೋಲಿ ಕೇಳಲು ಬಂದಾಗ ಮಾಸ್ತರರು ಕಟ್ಟೆಯ ಮೇಲೆ ಕುಳಿತಿದ್ದರು. ಓಣಿಗೆಲ್ಲ ಕೇಳುವಂತೆ ಅಂದರು:

"ಖೋಲಿ ಸಿಗೂದಿಲ್ರಿ. ಅದು ಲಕ್ಷ್ಮೀಬಾಯಿಯವರ ಕಾರಭಾರ. ಭಾಳ ಛಲೋ ನಡದದ."

ಒಳಗೆ ಹಾಸಿಗೆ ಮಡಚುತ್ತಿದ್ದ ಲಕ್ಷ್ಮೀಬಾಯಿಯವರ ಕೈ ನಿಂತೇಬಿಟ್ಟಿತು. ಮದುವೆಯಲ್ಲಿ ಎಲ್ಲರ ಒತ್ತಾಯಕ್ಕೆ ಹೆಂಡತಿಯ ಹೆಸರು ಸೇರಿಸಿ ಪ್ರಾಸದ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ, ಯಜಮಾನರು ನಾಲ್ಕು ಜನರೆದುರು ಅವರ ಹೆಸರೆತ್ತಿದ್ದು ಅದೇ ಮೊದಲು.