ಅಣ್ಣನ ಸ್ಪೇನ್, ನನ್ನ ಬ್ರೆಜಿಲ್

ನಾನು ಫುಟ್‌ಬಾಲ್ ಆಡಿದವಳಲ್ಲ. ಚೆಂಡನ್ನು ಒದ್ದದ್ದು ಜೀವನದಲ್ಲಿ ಒಂದೇ ಸಲ, ಅದೂ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಕಾಲಿಗೆ ಅಡ್ಡ ಬಂತೆಂದು. ಆದರೆ ವಿಶ್ವಕಪ್ಪಿನಲ್ಲಿ ಯಾವ ದೇಶ ಎಲ್ಲಿಯವರೆಗೆ ಹೋದೀತು ಎಂದು ಲೆಕ್ಕ ಹಾಕುವುದನ್ನು ನಮ್ಮ ಮನೆಯಲ್ಲಿ ಶುರುಮಾಡಿದವಳು ನಾನೇ. ಈ ಮಾತನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು, ಯಾಕೆಂದರೆ ಇದನ್ನು ನಂಬುವವರು ಅಮ್ಮನನ್ನು ಬಿಟ್ಟರೆ ಯಾರೂ ಇಲ್ಲ. ಅಮ್ಮ ನಂಬುವುದೂ ಊಟದ ಮೇಜಿನ ತುಂಬ ನನ್ನ ಕಾಗದಗಳಿರುತ್ತಿದ್ದವು, ಬಟ್ಟಲಿಡಲು ಜಾಗವಿರುತ್ತಿರಲಿಲ್ಲ ಎಂಬ ಸಿಟ್ಟು ಇನ್ನೂ ಆರದಿರುವುದರಿಂದ.

ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಸರಿಯಾದ ಕೆಲಸ ಸಿಗದೆ ಮನೆಯಲ್ಲಿದ್ದ ವರ್ಷಗಳು ಅವು. ಅಪ್ಪ ಕಲ್ಯಾಣ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಗಿರಾಕಿಗಳು ಬಿಟ್ಟುಹೋದ ಪೇಪರುಗಳನ್ನು ಮನೆಗೆ ತರುತ್ತಿದ್ದರು. ಕ್ರೀಡಾಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತಿದ್ದ ಫಲಿತಾಂಶಗಳನ್ನು ನಾನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಯಾರು ಎಷ್ಟು ಗೋಲು ಹೊಡೆದರು, ಎಷ್ಟು ಹೊಡೆಸಿಕೊಂಡರು, ಎದುರಿಗಿದ್ದವರು ಗಟ್ಟಿಗರೋ ಪೊಳ್ಳೋ, ಪಂದ್ಯ ಲೆಕ್ಕದ್ದೋ ಸುಮ್ಮನೆ ಸ್ನೇಹಕ್ಕೆ ಆಡಿದ್ದೋ, ಎಲ್ಲಕ್ಕೂ ಒಂದೊಂದು ತೂಕ. ನನ್ನ ಪಠ್ಯಪುಸ್ತಕದ ಕೊನೆಯಲ್ಲಿ ಕ್ರಮವಿಲ್ಲದೆ ಚೆಲ್ಲಿದಂಥ ಅಂಕಿಗಳ ಪಟ್ಟಿಯೊಂದಿತ್ತು. ಅದರಲ್ಲಿ ಬೆರಳಿಟ್ಟ ಕಡೆಯಿಂದ ಅಂಕಿಗಳನ್ನು ಓದುತ್ತಾ, ಆ ತೂಕಗಳ ಪ್ರಕಾರ, ಇಡೀ ವಿಶ್ವಕಪ್ಪನ್ನು ಕಾಗದದ ಮೇಲೆ ನೂರು ಸಲ ಆಡಿಸುತ್ತಿದ್ದೆ. ನೂರರಲ್ಲಿ ಯಾರು ಎಷ್ಟು ಸಲ ಗೆದ್ದರೋ ಅದೇ ಅವರ ಪಾಲು. ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಹೆಣ್ಣು ನೋಡಲು ಬಂದವರ ಮುಂದೆ ಕೂಡ ಬೆರಳಿಗೆ ಗೋಂದು ಅಂಟಿಸಿಕೊಂಡು ಕೂತಿದ್ದುಂಟು.

ಅಣ್ಣನಿಗೆ ಪಕ್ಕದ ಠಾಣೆ ಊರಿನಲ್ಲಿ ಆಫೀಸು. ದಿನಾ ಅದೇ ಲೋಕಲ್ ರೈಲು, ಅದೇ ಡಬ್ಬಿ, ಅದೇ ಹತ್ತು ಮಂದಿಯ ಗುಂಪು. ವಿಶ್ವಕಪ್ ಬಂದರೆ ಅವರಲ್ಲೊಂದು ಪದ್ಧತಿ: ಗೆಲ್ಲುವ ದೇಶವನ್ನು ಮೊದಲೇ ಸರಿಯಾಗಿ ಹೇಳಿದವನಿಗೆ ಗಣಪತಿ ಹಬ್ಬದವರೆಗೆ ಕಿಟಕಿ ಸೀಟು. ಆ ರೈಲಿನಲ್ಲಿ ನೇತಾಡಿ ಹೋದವರಿಗೆ ಮಾತ್ರ ಅದರ ಬೆಲೆ ಗೊತ್ತು. ೨೦೧೦ರಲ್ಲಿ ಅಣ್ಣ ನನ್ನ ಮೇಜಿನ ಹತ್ತಿರ ಬಂದು ನಿಂತ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಅದನ್ನು ಊರಿನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಯಾರು ಗೆಲ್ತಾರೆ?"

"ಸ್ಪೇನಿಗೆ ನೂರರಲ್ಲಿ ಇಪ್ಪತ್ತೈದು."

"ಅದೆಲ್ಲ ಎಂತಕ್ಕೆ ಮಾರಾಯ್ತಿ? ಒಂದು ಹೆಸ್ರು ಹೇಳು."

"ಹೆಸ್ರು ಸ್ಪೇನೇ. ಆದ್ರೆ ನಾಲ್ಕರಲ್ಲಿ ಮೂರು ಸಲ ಅದು ಗೆಲ್ಲುದಿಲ್ಲ, ಅದನ್ನೂ ಹೇಳು."

ಅವನು ಅದನ್ನು ಹೇಳಲಿಲ್ಲ. ಸ್ಪೇನ್ ಮೊದಲ ಪಂದ್ಯವನ್ನೇ ಸೋತಿತು. ಗುಂಪಿನವರು ಅವನನ್ನು ಆಡಿಕೊಂಡರು, ಅವನು ಮನೆಗೆ ಬಂದು ನನ್ನ ಮೇಲೆ ಹಾರಾಡಿದ. ಒಂದು ಪಂದ್ಯದಿಂದ ಏನೂ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದೆ. ಕೊನೆಗೆ ಸ್ಪೇನ್ ಗೆದ್ದಾಗ ಅವನಿಗೆ ಕೊಂಬು ಮೂಡಿತು. ಕಿಟಕಿ ಸೀಟು ಸಿಕ್ಕಿತು. ಗುಂಪಿನವರು 'ಪಂಡಿತ್‌ಜೀ' ಎಂದರು. ನಾವು ಹೋಗುತ್ತಿದ್ದ ಕನ್ನಡ ಸಂಘದ ಮಾಸಪತ್ರಿಕೆಗೆ 'ನಾನು ಸ್ಪೇನನ್ನು ಲೆಕ್ಕ ಹಾಕಿದ ಬಗೆ' ಎಂದು ಎರಡು ಪುಟ ಬರೆದ. ನನ್ನ ನೋಟ್‌ಬುಕ್ಕನ್ನು ಗುಂಪಿಗೆ ತೋರಿಸಲು ಒಯ್ದವನು ವಾಪಸು ತರಲೇ ಇಲ್ಲ. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಖುಷಿಯೇ ಆಗಿತ್ತು. ನನ್ನ ಲೆಕ್ಕ ಅಚ್ಚಾಗಿತ್ತಲ್ಲ! ಯಾರ ಹೆಸರಿನಲ್ಲಾದರೇನು ಎಂದುಕೊಂಡ ಆ ಪೆದ್ದಿಯನ್ನು ಈಗ ಹಿಡಿದು ಎರಡು ಬಾರಿಸಬೇಕು ಅನಿಸುತ್ತದೆ.

೨೦೧೪ರಲ್ಲಿ ನನ್ನ ಪಟ್ಟಿಯ ಮೇಲ್ತುದಿಯಲ್ಲಿ ಬ್ರೆಜಿಲ್ ಇತ್ತು, ನೂರಕ್ಕೆ ಮೂವತ್ತು. ಅದರ ಬೆನ್ನಿಗೇ ಜರ್ಮನಿ. ಅಣ್ಣ ಪತ್ರಿಕೆಗೆ ಬರೆಯಲು ಕೂತಾಗ, ನನ್ನ ಹೆಸರೂ ಇರಲಿ, ಎಪ್ಪತ್ತು ಸಲ ಬ್ರೆಜಿಲ್ ಸೋಲುತ್ತದೆ ಎನ್ನುವುದನ್ನು ಈ ಸಲವಾದರೂ ಸೇರಿಸು ಎಂದು ಗೋಗರೆದೆ.

"ಸೋಲ್ತದೆ ಅಂತ ಬರೆದ್ರೆ ಯಾರು ಓದ್ತಾರೆ?" ಎಂದ.

ಸೆಮಿಫೈನಲಿನಲ್ಲಿ ಜರ್ಮನಿ ಬ್ರೆಜಿಲಿಗೆ ಏಳು ಗೋಲು ಹೊಡೆಯಿತು, ಬ್ರೆಜಿಲ್ ಒಂದು. ಬೆಳಿಗ್ಗೆ ಅಣ್ಣ ಗುಂಪು ಹತ್ತುವ ಲೋಕಲ್ ತಪ್ಪಿಸಿ ಬೇರೆ ಲೋಕಲ್ ಹಿಡಿದ. ಮುಂದಿನ ಸಂಚಿಕೆಯಲ್ಲಿ ಅವನದೊಂದು ಸಣ್ಣ ವಿವರಣೆ ಬಂತು: ಕೆಲಸದ ಒತ್ತಡದಿಂದ ಈ ಬಾರಿಯ ಲೆಕ್ಕವನ್ನು ತಂಗಿಗೆ ವಹಿಸಿದ್ದೆ, ಓದುಗರು ಕ್ಷಮಿಸಬೇಕು. ನನ್ನ ಲೆಕ್ಕ ನನ್ನ ಹೆಸರಿನಲ್ಲಿ ಅಚ್ಚಾದದ್ದು ಅದೊಂದೇ ಸಲ. ಮೈಯೆಲ್ಲ ಉರಿದುಹೋಯಿತು. ಎದುರಿಗೆ ನಿಂತು ಕೇಳಿದರೆ, "ಹೆಸ್ರು ಹಾಕುದಿಲ್ಲ ಅಂತ ನೀನೇ ಅಲ್ವಾ ಮುಖ ಊದಿಸಿಕೊಂಡದ್ದು?" ಎಂದು ನಕ್ಕ.

ಅದೇ ವರ್ಷ ನವಿ ಮುಂಬಯಿಯ ಐರೋಲಿಯಲ್ಲಿ ಒಂದು ಕಂಪನಿ, ಟೀವಿಯವರಿಗೆ ಆಟಗಳ ಅಂಕಿಅಂಶ ತಯಾರಿಸಿ ಕೊಡುವಂಥದ್ದು, ಜನರನ್ನು ತೆಗೆದುಕೊಳ್ಳುತ್ತಿತ್ತು. ನನಗಾಗಿಯೇ ಹುಟ್ಟಿದಂಥ ಕೆಲಸ. ಅಲ್ಲಿನ ಮುಖ್ಯಸ್ಥರು ಮಂಗಳೂರಿನ ಕಡೆಯವರೆಂದು ತಿಳಿದ ನಮ್ಮ ಸಂಘದ ಹಿರಿಯರೊಬ್ಬರು, ಹುಡುಗಿಗೆ ಉಪಕಾರವಾಗಲಿ ಎಂದು, ಪತ್ರಿಕೆಯ ಆ ಸಂಚಿಕೆಗಳನ್ನೆಲ್ಲ ಒಂದು ಶಿಫಾರಸು ಪತ್ರದ ಜೊತೆ ಮೊದಲೇ ಕಳಿಸಿಬಿಟ್ಟಿದ್ದರು. ನನಗೆ ಅದು ಗೊತ್ತಾದದ್ದು ಸಂದರ್ಶನಕ್ಕೆ ಹೋಗಿ ಮುಖ್ಯಸ್ಥರ ಮೇಜಿನ ಮೇಲೆ ನೋಡಿದಾಗಲೇ.

"ಸ್ಪೇನ್ ನಿಮ್ಮಣ್ಣನದ್ದು. ಬ್ರೆಜಿಲ್ ನಿಮ್ದು. ಅಲ್ವಾ?" ಎಂದು ಕೇಳಿದರು ಮುಖ್ಯಸ್ಥರು.

"ಎರಡೂ ನಂದೇ ಸರ್."

"ಗೆದ್ದದ್ದು ಕೂಡ?" ಅವರು ನಕ್ಕರು. ನಾನು ಒಯ್ದಿದ್ದ ಹೊಸ ನೋಟ್‌ಬುಕ್ಕನ್ನು ತೆರೆದು ನೋಡಿ, "ಇದ್ರಲ್ಲೂ ಬ್ರೆಜಿಲೇ ಮೇಲೆ ಉಂಟಲ್ಲ," ಎಂದರು. ಮೂವತ್ತು ಎಂದರೆ ಏನರ್ಥ ಎಂದು ವಿವರಿಸಿದೆ. ಅಂಕಿಗಳಿಂದಲೇ ಅನ್ನ ತಿನ್ನುವ ಮನುಷ್ಯ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಳೆಯ ನೋಟ್‌ಬುಕ್ ಅಣ್ಣನ ಹತ್ತಿರವಿತ್ತು. ಬೇಕಾದರೆ ಅವನನ್ನೇ ಕೇಳಿ ಎಂದು ನಂಬರು ಕೊಟ್ಟೆ. ರಕ್ತಸಂಬಂಧ, ಕೆಲಸದ ಮಾತು ಬಂದಾಗ ಸತ್ಯ ಹೇಳದೆ ಇರುತ್ತಾನೆಯೇ ಎಂಬ ಧೈರ್ಯ.

ಅವರು ಫೋನನ್ನು ಸ್ಪೀಕರಿಗೆ ಹಾಕಿದರು. ಅಣ್ಣನ ದನಿ ಬಹಳ ಮರ್ಯಾದೆಯಿಂದಲೇ ಬಂತು. "ಸ್ಪೇನಿನ ಲೆಕ್ಕ ನಂದು ಸರ್. ಅವಳು ಚಂದ ಮಾಡಿ ಕಾಪಿ ಮಾಡಿ ಕೊಡ್ತಿದ್ಲು, ಅಕ್ಷರ ದುಂಡಗೆ ಉಂಟು. ಒಳ್ಳೆ ಹುಡುಗಿ ಸರ್, ಡೇಟಾ ಎಂಟ್ರಿ ಕೆಲಸ ಇದ್ರೆ ಖಂಡಿತ ಕೊಡಿ."

ಎಂಟ್ರಿ ಕೆಲಸವೂ ಇರಲಿಲ್ಲ. ಐರೋಲಿಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಬಂದೆ. ಪಕ್ಕದ ಡಬ್ಬಿಯಲ್ಲಿ ಒಂದು ಕಾಲಕ್ಕೆ ಅಣ್ಣನಿಗೆ ಕಿಟಕಿ ಸೀಟು ಕೊಡಿಸಿದವಳು ನಾನು ಎಂದು ಯೋಚಿಸಿದರೆ ಅಳುವೂ ಬರಲಿಲ್ಲ. ಮನೆಯಲ್ಲಿ ಅಣ್ಣ, "ನಿನ್ನ ಬಗ್ಗೆ ಒಳ್ಳೇದೇ ಹೇಳಿದ್ದೇನೆ" ಎಂದ. ಅವನಿಗೆ ಅದು ಪ್ರಾಮಾಣಿಕವಾಗಿಯೇ ಹಾಗೆ ಅನಿಸಿತ್ತು. ನನಗೆ ಇವತ್ತಿಗೂ ಸಹಿಸಲಾಗದ್ದು ಅದು.

ಆಮೇಲೆ ಠಾಕುರ್ಲಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕಾಮರ್ಸ್ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡತೊಡಗಿದೆ. ಘಟನೆ ಆಗುವ ಮೊದಲು ಎಲ್ಲರೆದುರು ಹೇಳಿದ್ದನ್ನು ಮಾತ್ರ ಮುನ್ಸೂಚನೆ ಎನ್ನುತ್ತಾರೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

೨೦೧೮ರಲ್ಲಿ ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ. ಅವನು ರೈಲಿನಲ್ಲೂ ಯಾವ ದೇಶದ ಹೆಸರನ್ನೂ ಹೇಳಿರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ವಿಶ್ವಕಪ್ ಶುರುವಾಗುವ ಹಿಂದಿನ ದಿನ ಲೆಕ್ಕ ಮುಗಿಸಿ, ಒಂದೇ ಹಾಳೆಯಲ್ಲಿ ಬರೆದು, ಮೇಲೆ ತಾರೀಕು ಹಾಕಿ, ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟೆ. ಮೊದಲ ಸಾಲಿನಲ್ಲಿ ಫ್ರಾನ್ಸ್.

ಫ್ರಾನ್ಸ್ ಗೆದ್ದಿತು. ಸೋಮವಾರ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೊರಟ ಅಣ್ಣನ ಮುಂದೆ ಹಾಳೆ ಹಿಡಿದೆ. ನಾಲ್ಕು ವರ್ಷ ಕಾದಿದ್ದೆ.

ಅವನು ಮೇಲಿನಿಂದ ಕೆಳಗಿನವರೆಗೆ ಓದಿದ. "ಆಟ ಮುಗಿದ ಮೇಲೆ ಯಾರು ಬೇಕಾದ್ರೂ ಬರೀಬಹುದು," ಎಂದ.

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದೂ ಅದೇ. ಅವನು ಹಾಳೆಯನ್ನು ಮಡಚಿ, ರೈಲಿನ ಪಾಸಿನ ಜೊತೆ ಕಿಸೆಗೆ ಹಾಕಿಕೊಂಡು ಹೊರಟ. ಕೈಯಲ್ಲಿದ್ದದ್ದನ್ನು ಕಿಸೆಗೆ ಹಾಕಿಕೊಳ್ಳುವುದು ಅವನ ಅಭ್ಯಾಸ ಎಂದುಕೊಂಡೆ.

ಆ ಗುರುವಾರ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅವನ ಗುಂಪಿನ ಒಬ್ಬರ ಹೆಂಡತಿ ಸಿಕ್ಕಿ ನನ್ನ ಕೈ ಹಿಡಿದುಕೊಂಡರು. "ತುಮ್ಹಾರಾ ಭಾಯಿ ತೋ ಕಮಾಲ್ ಹೈ! ಫ್ರಾನ್ಸ್ ಪೆಹಲೇ ಸೇ ಲಿಖ್ ಕೇ ರಖಾ ಥಾ, ತಾರೀಖ್ ಕೇ ಸಾಥ್. ಸಬ್ ಕೋ ದಿಖಾಯಾ." ಫ್ರಾನ್ಸ್ ಎಂದು ಅವನು ಮೊದಲೇ ತಾರೀಕು ಹಾಕಿ ಬರೆದಿಟ್ಟಿದ್ದನಂತೆ, ಎಲ್ಲರಿಗೂ ತೋರಿಸಿದನಂತೆ, ಗುಂಪಿನವರೆಲ್ಲ ಒಪ್ಪಿ ಕಿಟಕಿ ಸೀಟು ಕೊಟ್ಟಿದ್ದರಂತೆ.

ಹಾಳೆಯ ಮೇಲೆ ನಾನು ತಾರೀಕು ಮಾತ್ರ ಹಾಕಿದ್ದೆ. ನನ್ನದೇ ಕಪಾಟಿನಲ್ಲಿ ಇಡುವ ಹಾಳೆಗೆ ಹೆಸರು ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ.