ಮುದ್ರೆ ಒತ್ತಿದ ಮೊಟ್ಟೆ

ಪುಟ್ಟಮ್ಮ, ನಿಮ್ಮತ್ತೆ ಮನೆಯ ರೇಷ್ಮೆಹುಳು ಸತ್ತದ್ದು ನಿನ್ನ ಮುಟ್ಟಿನಿಂದಲ್ಲ — ನಾನು ಮಾರಿದ ಮೊಟ್ಟೆಯಿಂದ. ಇಷ್ಟು ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು, ಥೂ!

ನಮ್ಮಪ್ಪ ಹೊಂಗನೂರಿನಲ್ಲಿ ನೇಗಿಲು ಬಿಟ್ಟು ಬೇರೆ ಹಿಡಿದವನಲ್ಲ. ಚನ್ನಪಟ್ಟಣದ ಪೇಟೆಗೆ ಬಂದು, ಬೆಂಗಳೂರಿನ ಒಂದು ಕಂಪನಿಯ ಹುಳುಮೊಟ್ಟೆ ಏಜೆನ್ಸಿ ಕೊಂಡವನು ನಮ್ಮ ವಂಶಕ್ಕೆ ನಾನೇ ಮೊದಲು. ಅಂಗಡಿ ನನ್ನದು, ಬೋರ್ಡು ಅವರದು, ಮುದ್ರೆ ಅವರದು. ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅವರು ರೈಲಿಗೆ ಹಾಕಿದ ಮೊಟ್ಟೆಯನ್ನಷ್ಟೇ ಮಾರಬೇಕು. ಬೇರೆಯದನ್ನು ಮಾರಿದರೆ ಏಜೆನ್ಸಿ ಹೋದಂತೆಯೇ. ಆದರೂ ಜನ ಯಜಮಾನರೇ ಎಂದಾಗ ಹಿಗ್ಗುತ್ತಿದ್ದೆ.

ಆ ಸಲ ಹಿಪ್ಪುನೇರಳೆ ಸೊಪ್ಪು ಬಲಿತು ನಿಂತಿತ್ತು, ಮೊಟ್ಟೆ ಬರಲಿಲ್ಲ. ಮೂರು ಕಾಗದ ಬರೆದೆ, ಉತ್ತರವಿಲ್ಲ. ಬಾಗಿಲಲ್ಲಿ ಜನ — "ಏನ್ಲಾ, ಸೊಪ್ಪ ದನಕ್ಕೆ ಹಾಕನಾ?" ನಾನೇನು ಮಾಡಲಿ, ಮೊಟ್ಟೆ ನಾನು ಇಡಲೇ? ಕೊನೆಗೆ ತಿಪ್ಪಸಂದ್ರದ ಒಬ್ಬನಿಂದ ಪರೀಕ್ಷೆ ಕಾಣದ ಮೊಟ್ಟೆ ತಂದೆ. ಮೊಟ್ಟೆ ಅಂಟಿದ ಒಂದೊಂದು ಹಾಳೆಗೂ ಕಂಪನಿಯ ಮುದ್ರೆ ಒತ್ತಿದೆ — ನನ್ನ ಕೈಯಾರೆ.

ನಿಮ್ಮತ್ತೆ ಹೇಳಿ ಕಳಿಸಿದಾಗ ಹುಳು ಗೂಡು ಕಟ್ಟಲು ವಾರವಷ್ಟೇ ಇತ್ತು. ಮೈಮೇಲೆಲ್ಲ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ. ಗಂಟುರೋಗ. ಮೊಟ್ಟೆಯಿಂದಲೇ ಬರುವ ರೋಗ — ನೋಡಿದ ಕೂಡಲೇ ನನಗೆ ತಿಳಿಯಿತು.

"ಮೊಟ್ಟೆದೇ ದೋಸವೇನಪ್ಪಾ?" ಎಂದರು ಅವರು.

"ಮುದ್ರೆ ಐತಲ್ಲವ್ವಾ. ಮುಟ್ಟಾದೋರು ಯಾರಾರ ಹುಳದ ಮನೆ ಒಳಿಕ್ಕೆ ಬಂದಿದ್ರಾ, ಒಸಿ ಕೇಳ್ಕಳಿ."

ಅಂದುಬಿಟ್ಟೆ! ನೀನು ಅಂದೇ ಮುಟ್ಟಾಗಿ ಹೊರಗೆ ಕೂತಿದ್ದೀಯೆಂದು ನನಗೆ ಗೊತ್ತಿರಲಿಲ್ಲ... ಗೊತ್ತಿದ್ದರೆ? ಗೊತ್ತಿದ್ದರೂ ಅನ್ನುತ್ತಿದ್ದೆನೋ ಏನೋ. "ನಾನು ಕಾಲಿಕ್ಕಿಲ್ಲ ಕಣತ್ತೆ, ದೇವ್ರಾಣೆ" ಎಂದು ನೀನು ಗೋಗರೆಯುತ್ತಿದ್ದೆ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ನಿನ್ನನ್ನು ಕೆಂಪಾಪುರದ ತವರಿಗೆ ಅಟ್ಟಿದರು. ಮುಂದಿನ ಬೆಳೆಗೆ ಕಂಪನಿಯ ಮೊಟ್ಟೆ ಬಂತು. ಪ್ರಾಯಶ್ಚಿತ್ತವಾಗಲಿ ಎಂದು ಅದರಲ್ಲಿ ಒಳ್ಳೆಯದನ್ನೇ ಆರಿಸಿ ನಿಮ್ಮತ್ತೆಗೆ ಕೊಟ್ಟೆ. ಗೂಡು ಹುಲುಸಾಗಿ ಬಂತು. "ನೋಡ್ದಾ, ಅವ್ಳು ಹೋದ್ಲು, ಬೆಳೆ ಆಯ್ತು" ಎಂದರು ನಿಮ್ಮತ್ತೆ. ನನ್ನ ಪ್ರಾಯಶ್ಚಿತ್ತವೇ ನಿನ್ನ ಮೇಲೆ ಸಾಕ್ಷಿ ಹೇಳಿತ್ತು — ಆಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನ ಗಂಡನಿಗೆ ಬೇರೆ ಹೆಣ್ಣು ತಂದರು. ಆ ಮದುವೆಯಲ್ಲಿ ನಾನೂ ಉಂಡೆ, ಪುಟ್ಟಮ್ಮ.

ಈಗ ಏಜೆನ್ಸಿಯೂ ಇಲ್ಲ, ನಿಮ್ಮತ್ತೆಯೂ ಇಲ್ಲ. ನಾಳೆ ಕೆಂಪಾಪುರಕ್ಕೆ ಬರುತ್ತೇನೆ. ನನ್ನನ್ನು ಒಳಗೆ ಕರೆಯಬೇಡ. ಬೀದಿಯಲ್ಲೇ ನಿಂತು, ನಿಮ್ಮೂರಿನವರೆಲ್ಲ ಕೇಳುವಂತೆ ಹೇಳುತ್ತೇನೆ — ಕೆಟ್ಟ ಮೊಟ್ಟೆಗೆ ಮುದ್ರೆ ಒತ್ತಿದವನು ನಾನು, ಅವಳು ಹುಳದ ಮನೆಯೊಳಗೆ ಕಾಲಿಟ್ಟಿರಲಿಲ್ಲ.