ಊದದ ಸೀಟಿ

ಮೊನ್ನೆ ಗೋಡೆಗೆ ಸುಣ್ಣ ಹಚ್ಚಿಸಬೇಕೆಂದು ಮೊಳೆಗೆ ನೇತುಹಾಕಿದ್ದನ್ನೆಲ್ಲ ಇಳಿಸುತ್ತಿದ್ದೆ. ಕ್ಯಾಲೆಂಡರಿನ ಹಿಂದಿನಿಂದ ಸೀಟಿಯೊಂದು ಜಾರಿ ಬಿತ್ತು. ಬಸ್ಸಿನ ಕಂಡಕ್ಟರರು ಊದುವಂಥದು, ಕರಿ ಪ್ಲಾಸ್ಟಿಕ್ಕಿನದು, ಬಣ್ಣ ಹೋದ ಲಾಡಿ. ಮೂಗಿಗೆ ಹಿಡಿದೆ. ಎಲೆ ಅಡಿಕೆಯ ವಾಸನೆ ಇನ್ನೂ ಇತ್ತೋ, ನನ್ನ ಮೂಗೇ ಹಾಗೆ ಹೇಳಿತೋ…

ಅದರ ಯಜಮಾನನ ಹೆಸರು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಕಂಡಕ್ಟರಪ್ಪಾ ಅನ್ನುತ್ತಿದ್ದೆ, ಅವನು ಯವ್ವಾ ಅನ್ನುತ್ತಿದ್ದ. ಅಷ್ಟರಲ್ಲೇ ನಮ್ಮ ಕೆಲಸ ನಡೆಯಿತು.

ಮೊಮ್ಮಗಳು ಸುಜಾತಾ ಆಗ ಆರು ವರ್ಷದವಳು. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಫ್ಯಾನು ತಿರುಗುವುದನ್ನು ನೋಡುತ್ತ ಕುಳಿತರೆ ಊಟಕ್ಕೂ ಏಳುವುದಿಲ್ಲ. ಉಚ್ಚೆ ಬಂದರೆ ಹೇಳುವುದು ಗೊತ್ತಿಲ್ಲ. ಚಡ್ಡಿ ಒದ್ದೆಯಾದ ಮೇಲೆಯೇ ನಮಗೆ ತಿಳಿಯುವುದು. ಗುಡಿಗೆ ಹೋಗಿ, ದರ್ಗಾಕ್ಕೆ ಹೋಗಿ ಅಂದವರು ಬಹಳ. ರಾಯಚೂರಿನ ಡಾಕ್ಟರು ಆಟಿಸಂ ಅಂದರು. ಆ ಶಬ್ದ ನನ್ನ ನಾಲಿಗೆಗೆ ಹತ್ತಲು ದಿನ ಹಿಡಿಯಿತು. ಇದು ದೆವ್ವವಲ್ಲ, ನೀವು ಮಾಡಿದ ತಪ್ಪೂ ಅಲ್ಲ, ಹುಟ್ಟಿದ ರೀತಿಯೇ ಹೀಗೆ, ಕಲಿಸಿದರೆ ತನ್ನ ದಾರಿಯಲ್ಲಿ ಕಲಿಯುತ್ತಾಳೆ ಅಂದರು. ಅದು ಮಾತ್ರ ಕೂಡಲೇ ತಿಳಿಯಿತು.

ಇಂಥ ಮಕ್ಕಳಿಗೆ ಕಲಿಸುವ ಕೇಂದ್ರ ರಾಯಚೂರಲ್ಲಿತ್ತು. ನಾವಿರುವುದು ಮಾನ್ವಿ. ಸೊಸೆಗೆ ಕೈಗೂಸು, ಹಾಗಾಗಿ ವಾರಕ್ಕೊಮ್ಮೆ ಕರೆದೊಯ್ಯುವ ಕೆಲಸ ನನ್ನದಾಯಿತು. ಕೇಂದ್ರದಲ್ಲಿ ತೊಂದರೆ ಇರಲಿಲ್ಲ, ಇದ್ದದ್ದೆಲ್ಲ ಬಸ್ಸಿನಲ್ಲಿ. ಸೀಟಿ ಕೂಗಿದ್ದೇ ತಡ, ಅವಳು ಕಿವಿ ಮುಚ್ಚಿಕೊಂಡು ಚೀರುವಳು, ಮುಂದಿನ ಕಂಬಿಗೆ ತಲೆ ಜಜ್ಜಿಕೊಳ್ಳುವಳು. ಜನರ ಬಾಯಿ ಬೇರೆ.

"ಒಂದ್ ಏಟು ಹಾಕ್ರಿ, ಬಾಯಿ ಮುಚ್ತಾಳ," ಅಂದಳು ಒಬ್ಬಾಕೆ, ಮೆಣಸಿನಕಾಯಿ ಚೀಲದ ಮೇಲೆ ಕುಳಿತು.

"ನಿನಗ ಹಾಕ್ತೀನಿ, ನೀ ಮುಚ್ತೀಯೇನ್ ನೋಡೂಣು," ಅಂದೆ.

ಆ ದಿನ ದಾರಿಯ ನೀರಮಾನ್ವಿಯಲ್ಲೇ ಇಳಿದು ವಾಪಸ್ ಬಂದೆವು. ಹುಡುಗಿಯ ಹಣೆ ಊದಿ ನೀಲಿಗಟ್ಟಿತ್ತು. ಮಗ ಅದನ್ನು ನೋಡಿ ಅಂದ: "ಇನ್ನೊಂದ್ ಸಲ ಹೋಗಿ ನೋಡವ್ವಾ. ಹಿಂಗೇ ಆದ್ರ ಬಿಟ್ಟುಬಿಡೂಣು." ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಬಿಟ್ಟರೆ ಅವಳು ಆ ಫ್ಯಾನಿನ ಕೆಳಗೇ ಬೆಳೆದು ದೊಡ್ಡವಳಾಗುವಳು. ಅದು ನನ್ನ ಕಣ್ಣಿಗೆ ಕಟ್ಟಿತ್ತು.

ಆ ಇನ್ನೊಂದು ಸಲವೂ ಮಾನ್ವಿಯ ಸ್ಟ್ಯಾಂಡಿನಲ್ಲೇ ಚೀರಾಟ ಶುರುವಾಯಿತು. ಕಂಡಕ್ಟರ್ ಬಂದು ಎದುರು ನಿಂತ.

"ಯವ್ವಾ, ಇಳೀರಿ. ಮಂದಿ ಬೈಯಾಕತ್ತಾರ."

"ಇಳಿಯಂಗಿಲ್ಲ. ನೀ ಊದಬ್ಯಾಡ."

"ಊದ್ಲಿಲ್ಲಂದ್ರ ಬಸ್ಸು ತಾನಾ ಹೋಗ್ತದೇನು?" ಅನ್ನುತ್ತ ಸೀಟಿಯನ್ನು ಮತ್ತೆ ಬಾಯಿಗಿಟ್ಟ.

ನಾನು ಎದ್ದು, ಅವನ ಕೊರಳಿನ ಲಾಡಿ ಹಿಡಿದು, ತಲೆಯ ಮೇಲಿಂದ ಎಳೆದು ಸೀಟಿ ಕಿತ್ತುಕೊಂಡೆ. ಹುಡುಗಿಯ ಕೈಗಿಟ್ಟೆ. ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಬಿಡಿಸಿಕೊಳ್ಳಲು ನೋಡಿದ, ಅವಳ ಮುಷ್ಟಿ ಬಿಚ್ಚಲಿಲ್ಲ. ಮುಂದಿನಿಂದ ಡ್ರೈವರ್ ಕೂಗಿದ: "ಲೇ, ಹೋಗ್ಲೋ ಬ್ಯಾಡೋ?" ಕಂಡಕ್ಟರ್ ಸಿಟ್ಟಿನಿಂದ ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಎರಡು ಬಡಿದ. ಬಸ್ಸು ಹೊರಟಿತು.

ಚೀರಾಟ ನಿಂತಿತ್ತು. ನೀರಮಾನ್ವಿ ದಾಟಿತು, ಕಲ್ಲೂರು ದಾಟಿತು. ಅವಳು ಮುಷ್ಟಿಯನ್ನು ನೋಡುವಳು, ಅವನ ಅಂಗೈಯನ್ನು ನೋಡುವಳು. ನಾನೂ ಅವನೂ ಒಬ್ಬರನ್ನೊಬ್ಬರು ನೋಡಿದೆವು. ರಾಯಚೂರಲ್ಲಿ ಶೇಂಗಾ ಕೊಟ್ಟು ಮುಷ್ಟಿ ಬಿಚ್ಚಿಸಿದೆ.

ಮುಂದಿನ ವಾರ ಅವನೇ ಸೀಟಿ ತೆಗೆದು ಅವಳ ಮುಂದೆ ಹಿಡಿದ. "ತಗೋ ತಾಯಿ, ನಿನ್ನ ಹಂತ್ಯಾಕ ಅಮಾನತು, ಇಳಿಯೂಮುಂದ ವಾಪಸ್ ಕೊಡು." ಬಾಗಿಲ ಹತ್ತಿರದ ಸೀಟನ್ನೂ ಬಿಡಿಸಿಟ್ಟಿದ್ದ. ಸೀಟಿಯ ಬದಲು ತಗಡಿಗೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಅವನೇನು ದೊಡ್ಡ ಸಂತನಲ್ಲ. ಕಿಟಕಿಯಿಂದ ಉಗುಳುತ್ತಿದ್ದ, ಗಂಟುಮೂಟೆಯ ಹೆಂಗಸರ ಜತೆ ಜಗಳವಾಡುತ್ತಿದ್ದ, ಅಂಗೈ ಕೆಂಪಾದ ದಿನ ನನಗೇ ಬೈಯುತ್ತಿದ್ದ. ಡ್ರೈವರನ ರಾಗ ಬೇರೆ: "ಸೀಟಿ ಇಲ್ದ ಕಂಡಕ್ಟರು, ಬ್ರೇಕ್ ಇಲ್ದ ಬಸ್ಸು, ನಡುವ ನಾ ಒಬ್ಬ ಶಾಣ್ಯಾ!" ಆದರೂ ಸೀಟಿ ಊದಲಿಲ್ಲ.

ಹೀಗೆ ಕೆಲವು ತಿಂಗಳು ಕಳೆದಿದ್ದವು. ಒಂದು ದಿನ ಕಲ್ಲೂರಿನ ಆಚೆ, ಬರೀ ಹೊಲಗಳ ನಡುವೆ, ತಗಡಿಗೆ ಒಂದು ಬಡಿದ ಸಪ್ಪಳ. ಬಸ್ಸು ಗಕ್ಕನೆ ನಿಂತಿತು.

"ಯಾಂವಲೇ ಬಡದಾಂವ?" ಡ್ರೈವರ್ ಕೂಗಿದ.

ಕಂಡಕ್ಟರ್ ಹಿಂದೆ ಟಿಕೆಟ್ ಕೊಡುತ್ತಿದ್ದ. ನೋಡಿದರೆ ಸುಜಾತಾಳ ಅಂಗೈ ಇನ್ನೂ ತಗಡಿನ ಮೇಲಿದೆ, ಕಾಲು ಒತ್ತಿ ಹಿಡಿದು ಒದ್ದಾಡುತ್ತಿದ್ದಾಳೆ. ತಿಳಿಯಿತು. ಎತ್ತಿಕೊಂಡು ಇಳಿದು ಜಾಲಿ ಗಿಡದ ಮರೆಗೆ ಓಡಿದೆ. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಹೇಳಿದ್ದಳು, ಮೊದಲ ಸಲ ಚಡ್ಡಿ ಒದ್ದೆಯಾಗಿರಲಿಲ್ಲ.

ಹತ್ತಿ ಬಂದಾಗ ಒಬ್ಬ ಗೊಣಗುತ್ತಿದ್ದ. ಕಂಡಕ್ಟರ್ ತಿರುಗಿಬಿದ್ದ: "ಸುಮ್ ಕುಂದ್ರಪ್ಪಾ! ಮಾತಿಲ್ದ ಕೂಸು ಬಸ್ ನಿಲ್ಸ್ಯಾದ." ಆಮೇಲೆ ಅವಳ ಮುಂದೆ ಬಗ್ಗಿ ಕೇಳಿದ: "ಹೋಗೂಣೇನು ತಾಯಿ?"

ಅವಳು ಅವನ ಮುಖ ನೋಡಲಿಲ್ಲ. ತಗಡಿಗೆ ಎರಡು ಬಡಿದಳು.

ನನಗೆ ಅಳು ಬಂತು ಎಂದು ಬರೆಯುವುದಿಲ್ಲ, ಬರಲಿಲ್ಲ. ಜೋರಾಗಿ ನಗು ಬಂತು.

ಕೇಂದ್ರದ ಟೀಚರಮ್ಮನಿಗೆ ಹೇಳಿದೆ. ಮನೆಯಲ್ಲೂ ಇದನ್ನೇ ಹಿಡಿಯಿರಿ ಅಂದರು. ರೊಟ್ಟಿ ಸಾಕಾದರೆ ತಟ್ಟೆಗೆ ಒಂದು, ಇನ್ನೂ ಬೇಕಾದರೆ ಎರಡು. ಬಾಗಿಲು, ಬಕೆಟ್ಟು, ನನ್ನ ಬೆನ್ನು, ಎಲ್ಲವೂ ಬಸ್ಸಿನ ತಗಡಾದವು. ಆಮೇಲೆ ಚಿತ್ರ ತೋರಿಸಿ ಕೇಳುವುದು ಬಂತು. ಈಗ ಅಲ್ಲೊಂದು ಇಲ್ಲೊಂದು ಮಾತೂ ಇದೆ.

ಕಂಡಕ್ಟರನಿಗೆ ದೇವದುರ್ಗಕ್ಕೆ ವರ್ಗವಾಯಿತು. ಕೊನೆಯ ದಿನ ಅವಳು ಸೀಟಿ ಹಿಡಿದೇ ನಿದ್ದೆ ಹೋಗಿದ್ದಳು. "ಇರ್ಲಿ ಬಿಡ್ರೀ ಯವ್ವಾ, ಎಬ್ಬಿಸಬ್ಯಾಡ್ರಿ," ಅಂದ. ಮತ್ತೆ ಕಾಣಲಿಲ್ಲ. ಹೋದ ವರ್ಷ ಆ ಹಳೆಯ ಡ್ರೈವರ್ ಸ್ಟ್ಯಾಂಡಿನಲ್ಲಿ ಸಿಕ್ಕು, ಕಂಡಕ್ಟರ್ ಎದೆನೋವು ಬಂದು ಹೋಗಿಬಿಟ್ಟ ಅಂದ…

ಸುಜಾತಾಳಿಗೆ ಸುತ್ತಿ ಬಳಸಿ ಹೇಳಿದರೆ ತಿಳಿಯುವುದಿಲ್ಲ. "ಕಂಡಕ್ಟರಪ್ಪ ಸತ್ತ, ಇನ್ನ ಬರಂಗಿಲ್ಲ," ಅಂದೆ. ಅವಳು ಅಳಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು ಹೋಗಿ ಬಾಗಿಲಿಗೆ ಒಂದು ಬಡಿದಳು. ಇನ್ನೊಂದಕ್ಕಾಗಿ ನಾನು ಕಾದೆ. ಬಡಿಯಲಿಲ್ಲ.

ಮೊನ್ನೆ ಸೀಟಿ ಹಿಡಿದು ನಾನು ನಿಂತೇ ಇದ್ದೆ. ರಾಯಚೂರಿನ ಬಸ್ಸಿಗೆ ಹೊತ್ತಾಗಿತ್ತು. ಅವಳಿಗೆ ಈಗ ಹದಿಮೂರು, ನನ್ನ ಹೆಗಲಿಗೆ ಬಂದಿದ್ದಾಳೆ. ಸೀಟಿಯ ಸಪ್ಪಳ ಇಂದಿಗೂ ಆಗುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ತಾನೇ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಂದಳು. ನನ್ನ ಕೈಯಿಂದ ಸೀಟಿ ತೆಗೆದುಕೊಂಡು, ಮೂಸಿ ನೋಡಿ, ಖಾಲಿ ಗೋಡೆಯ ಮೊಳೆಗೆ ತೂಗುಹಾಕಿದಳು. ಆ ಮೊಳೆಯೊಂದನ್ನು ಬಿಟ್ಟು ಸುಣ್ಣ ಹಚ್ಚಿಸಿದರಾಯಿತು ಅಂದುಕೊಂಡೆ.

ನಾನು ಕದಲಲಿಲ್ಲವೆಂದು ಹಿಂದಿನಿಂದ ಬಂದು, ನನ್ನ ಬೆನ್ನಿಗೆ ಎರಡು ಬಡಿದಳು.